ಎವಾರಿಸ್ಟೊನ ಕರೆಂಟ್ ಬಿಲ್ಲು

ಮೂರನೆಯ ಕಿಟಕಿಯ ಯಾದಿರಾ ಕೇಳುತ್ತಾಳೆ:
ವಿಳಾಸಕ್ಕೆ ಪುರಾವೆ?
ಕೊಡುತ್ತೇನೆ, ನಾಲ್ಕು ಮಡಿಕೆಯ ಕರೆಂಟ್ ಬಿಲ್ಲು.
ಹೆಸರು ಎವಾರಿಸ್ಟೊ ಓಚೋವಾ ರೆಂತೆರಿಯಾ,
ಸತ್ತು ಹನ್ನೊಂದು ವರ್ಷ.
ಮನೆ ಅವನದು, ಮೀಟರೂ ಅವನದೇ.
ಮಗಳು ನನಗೆ ಬಾಡಿಗೆಗೆ ಕೊಟ್ಟಳು,
ಹೆಸರು ಬದಲಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.
ಯಾದಿರಾ ಬಿಲ್ಲು ನೋಡಿ ತಲೆಯಾಡಿಸುತ್ತಾಳೆ, ಸರಿ.
ಉಸಿರಿಲ್ಲದವನಿಗೆ ವಿಳಾಸವಿದೆ.
ಆಮೇಲೆ ನನ್ನ ಪಾಸ್‌ಪೋರ್ಟ್ ತೆರೆದು
ಹುಬ್ಬು ಗಂಟಿಕ್ಕುತ್ತಾಳೆ.

ಆಡ್ರಾ ಜೂನ್ ಕಾರ್ಕಮ್.
ಇಲ್ಲಿ ಎಲ್ಲರಿಗೂ ಎರಡು ಮನೆತನ,
ಮುಂದೆ ಅಪ್ಪನದು, ಹಿಂದೆ ಅಮ್ಮನದು.
ಹಾಗಾಗಿ ಕಂಪ್ಯೂಟರು ನನ್ನನ್ನು
ಜೂನ್ ವಂಶದ ಮಗಳೆಂದು ಬರೆದುಕೊಂಡಿದೆ,
ಕಾರ್ಕಮ್ ಅಮ್ಮನ ತವರಿಗೆ ಹೋಯಿತು.
ಜೂನ್ ನನ್ನಪ್ಪನ ಮನೆಯಲ್ಲ ತಾಯಿ,
ನಾನು ಹುಟ್ಟಿದ ತಿಂಗಳು, ಎಂದರೆ
ಅವಳು ನಗುತ್ತಾಳೆ. ಕಂಪ್ಯೂಟರು ನಗುವುದಿಲ್ಲ.
ಹ್ಯಾಲಿಫ್ಯಾಕ್ಸಿನಿಂದ ಹೊರಟ ನನ್ನ ಪಿಂಚಣಿ
ಕಾರ್ಕಮ್ ಎಂಬವಳನ್ನು ಹುಡುಕಿ ಬಂದು,
ಜೂನ್ ಎಂಬವಳ ಬಾಗಿಲು ಕಂಡು,
ಬೂಟು ಕೂಡ ಕಳಚದೆ ವಾಪಸು ಹೊರಟಿದೆ,
ದಾರಿಖರ್ಚಿಗೆ ಮೂವತ್ತೈದು ಡಾಲರು ಹಿಡಿದುಕೊಂಡು.

ಮೂವತ್ತೊಂದು ವರ್ಷ ಯಾರ್ಮತ್ ಬಂದರಿನಲ್ಲಿ
ಹಡಗಿನ ಟಿಕೆಟ್ ಹರಿದವಳು ನಾನು.
ಈ ದಡದಲ್ಲಿ ಹತ್ತಿದವರ ಲೆಕ್ಕ
ಆ ದಡದಲ್ಲಿ ಇಳಿದವರ ಲೆಕ್ಕಕ್ಕೆ ಕೂಡದೆ
ಮನೆಗೆ ಹೋದ ರಾತ್ರಿ ಒಂದೂ ಇಲ್ಲ.
ಮಂಜು ಕವಿದರೂ ಹಡಗು
ಇಲ್ಲಿದ್ದೇನೆಂದು ಕೊಂಬು ಊದುತ್ತಿತ್ತು.
ಈ ಹಣ ಯಾವ ನಡುನೀರಿನಲ್ಲಿದೆ?
ಟೊರಾಂಟೊದ ಹುಡುಗ ಫೋನಿನಲ್ಲಿ: ಕಳಿಸಿಯಾಯಿತು.
ಯಾದಿರಾ: ಇಲ್ಲಿಗೆ ಬಂದಿಲ್ಲ.
ನಡುವೆ ನ್ಯೂಯಾರ್ಕಿನಲ್ಲಿ ಇನ್ನೊಂದು ಬ್ಯಾಂಕಂತೆ,
ಹೆಸರು ಹೇಳುವಂತಿಲ್ಲವಂತೆ,
ಮುಟ್ಟಿದ್ದಕ್ಕೆಲ್ಲ ಒಂದಿಷ್ಟು ಮುರಿದುಕೊಳ್ಳುತ್ತದಂತೆ.
ಸುಂಕದವನ ಮುಂದೆ ಸುಖದುಃಖ ಹೇಳೋಣವೆಂದರೆ
ಅವನ ಫೋನ್ ನಂಬರೂ ಇಲ್ಲ.
ಇವತ್ತು ಸಿಸ್ಟಮ್ ಬೇರೆ ಬಿದ್ದಿದೆ.
ಎಲ್ಲಿಂದ ಬಿತ್ತು, ಪೆಟ್ಟಾಯಿತೆ,
ಯಾರೂ ವಿಚಾರಿಸುವುದಿಲ್ಲ.

ಸಾಲಿನಲ್ಲಿ ಹಿಂದೆ ನಿಂತ ಡೆನ್ವರಿನ ಹಲ್ಲಿನ ಡಾಕ್ಟರು
ಮಂತ್ರೋಪದೇಶದಂತೆ ಕಿವಿಯಲ್ಲಿ ಉಸುರುತ್ತಾನೆ:
"ನಮ್ಮ ದರ ಒಪ್ಪಿಗೆಯೇ ಅಂತ ಎಟಿಎಮ್ಮು ಕೇಳುತ್ತೆ.
ಬೇಡ ಅನ್ನು. ಆಗಲೂ ಕೊಡುತ್ತೆ, ಕಡಿಮೆ ಕೀಳುತ್ತೆ."
ಒಳ್ಳೆಯ ಮಾತು. ಆದರೆ ಅದು ನನ್ನ ಕಾರ್ಡನ್ನು
ಮಂಗಳವಾರವೇ ನುಂಗಿದೆ.

ಬೀದಿಯಾಚೆ ಫ್ರಿಜ್ಜು ಮಾರುವ ಅಂಗಡಿ.
ವಾಶಿಂಗ್ ಮಶೀನುಗಳ ಹಿಂದೆ ಒಂದು ಪುಟ್ಟ ಕಿಂಡಿ.
ಪಕ್ಕದ ಮನೆಯ ಒಬ್ದುಲಿಯಾ ಅಲ್ಲಿ ನಿಂತು
ಅಂಗೈಯಲ್ಲಿ ಪೆನ್ನಿನಿಂದ ಬರೆದ ಅಂಕಿಗಳನ್ನು
ಒಂದೊಂದಾಗಿ ಓದುತ್ತಿದ್ದಾಳೆ.
ಗಂಡ ಲೆಮಿಂಗ್ಟನ್ನಿನ ಗಾಜಿನ ಮನೆಗಳಲ್ಲಿ
ಟೊಮೇಟೊ ಕೀಳುತ್ತಾನೆ.
ನನ್ನದೇ ದೇಶ, ನಾನು ನೋಡದ ಊರು.
ಕಾಫಿ ಬಿಡುವಿನಲ್ಲಿ ಅವನು ಕಳಿಸಿದ್ದು
ಇವಳ ಏಪ್ರನ್ನಿನ ಜೇಬು ಸೇರಿತು,
ಅಲ್ಲಿ ಕಾಫಿ ಇನ್ನೂ ಆರಿರಲಾರದು.

ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ.
ಎರಡು ಸಾವಿರ ಪೆಸೊ ಎಣಿಸಿ,
ಹರಿದ ನೋಟೊಂದನ್ನು ತೆಗೆದು ಬೇರೆ ಇಟ್ಟು,
ಚೀಲಕ್ಕೆ ತುರುಕಿದಳು.
ಬರೆದುಕೊಡಲೇ ಅಂದೆ.
"ಯಾವ ಹೆಸರಲ್ಲಿ ಬರೀತೀಯ, ದೋನ್ಯಾ ಜೂನ್?"
ಹಾಗಾದರೆ ಸುದ್ದಿ ಬ್ಯಾಂಕಿನಿಂದ
ರಸ್ತೆ ದಾಟಿದೆ, ಶುಲ್ಕವಿಲ್ಲದೆ.

ಮೊಟ್ಟೆ, ಸೋಪು, ಬೆಕ್ಕಿನ ಕಿವಿಗೆ ಹನಿ.
ಉಳಿದದ್ದು ಕರೆಂಟ್ ಕಚೇರಿಯ ಯಂತ್ರಕ್ಕೆ,
ಒಂದೊಂದೇ ನೋಟು, ಸುಕ್ಕು ನೀವಿ ನೀವಿ.
ರಸೀದಿ ಬಂತು: ಧನ್ಯವಾದ, ಎವಾರಿಸ್ಟೊ.
ಹಣ ಅಂದರೆ ಹೆಣವೂ ಬಾಯಿ ಬಿಡುತ್ತದಂತೆ.
ಇವನು ಬಿಡಲಿಲ್ಲ.
ಸಂಜೆ ಸ್ವಿಚ್ಚು ಒತ್ತಿದೆ, ದೀಪ ಹತ್ತಿತು.

ಕಿಟಕಿಯಾಚೆ ಚಪಾಲಾ ಸರೋವರ ಕಪ್ಪಾಗುತ್ತಿದೆ.
ಮೀನಿನ ದೋಣಿಯೊಂದು ಇನ್ನೂ ದಡ ಮುಟ್ಟಿಲ್ಲ.
ಅಭ್ಯಾಸ ಬಿಡದು, ಬೆಳಿಗ್ಗೆ ಎಣಿಸಿಟ್ಟಿದ್ದೆ:
ಹೋಗುವಾಗ ಮೂವರು.