ಬೇರು ತೊಳೆಯುವ ಕೆಲಸ

ಗಿಡ ಹೋಗಬಹುದಂತೆ, ಮಣ್ಣು ಹೋಗಕೂಡದಂತೆ.
ಅದಕ್ಕೇ ನಾವು ಐದು ಜನ
ಮೂಡಿಗೆರೆಯ ಪ್ರೆಸಿಲ್ಲಾಬಾಯಿಯ ನರ್ಸರಿ ಹಿಂದೆ
ಸಿಮೆಂಟು ತೊಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತು
ಆಂಥೂರಿಯಂ ಬೇರು ತೊಳೆಯುತ್ತೇವೆ.

ಮೊದಲ ನೀರು ಕಾಫಿ ಬಣ್ಣ.
ಎರಡನೆಯದು ಚಾ.
ಮೂರನೆಯದು ಅಕ್ಕಚ್ಚು.
ನಾಲ್ಕನೆಯದರಲ್ಲಿ ನನ್ನ ಮುಖ ಕಂಡರೆ
ಗಿಡ ಪಾಸು.

ಕೂಸಿನ ಕಿವಿಯ ಹಿಂದೆ ಉಜ್ಜಿದ ಹಾಗೆ
ಸಂದಿ ಸಂದಿಗೂ ಹಲ್ಲುಜ್ಜುವ ಬ್ರಷ್ಷು.
ಒಂದು ಬೇರು ಮುರಿದರೆ ಪ್ರೆಸಿಲ್ಲಾಬಾಯಿ ಬೈಯುತ್ತಾರೆ,
ಸಾಸಿವೆಯಷ್ಟು ಮಣ್ಣು ಉಳಿದರೆ
ಬೈಯುವುದೂ ಇಲ್ಲ, ಸುಮ್ಮನೆ ನೋಡುತ್ತಾರೆ.
ಹೋದ ವರ್ಷ ದೋಹಾದಲ್ಲಿ ಇಳಿದ ಆರುನೂರು ಗಿಡ
ಅಲ್ಲೇ ಸುಟ್ಟರು. ಅದರ ಫೋಟೊ
ಅವರ ಮೊಬೈಲಿನಲ್ಲಿದೆ,
ಕ್ರಿಸ್‌ಮಸ್ಸಿನ ಫೋಟೊಗಳ ನಡುವೆ.

ಗುರುವಾರ ಹಬೀಬಾ ಮೇಡಂ ಬಂದರು,
ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ.
ನೂರಕ್ಕೆ ಹತ್ತು ಗಿಡ ಆರಿಸಿ, ಎಲೆ ಮಗುಚಿ
ಹೇನು ಹುಡುಕುವ ಅಜ್ಜಿಯಂತೆ ಬಗ್ಗಿದರು.
ಹಿಟ್ಟು ತಿಗಣೆ, ನುಸಿ, ಬೇರಿನ ಗಂಟು,
ಯಾವುದು ಒಂದು ಸಿಕ್ಕಿದರೂ ಇಡೀ ಲೋಡು ಇಲ್ಲೇ.

ನಾನು ಕೇಳಿದೆ. ಕೇಳಬಾರದಿತ್ತೇನೋ.
"ನಮ್ಮತ್ತೆ ಅಪ್ಪಿ ಘಟ್ಟ ಹತ್ತಿ ಬರುವಾಗ
ಸೆರಗಿನ ತುದಿಯಲ್ಲಿ ಒಂದು ವೀಳ್ಯದ ಬಳ್ಳಿ
ಹಸಿ ಮಣ್ಣಿನ ಸಮೇತ ಕಟ್ಟಿಕೊಂಡು ಬಂದಳಂತೆ.
ಚಾರ್ಮಾಡಿಯಲ್ಲಿ ಯಾರೂ ಗಂಟು ಬಿಚ್ಚಿಸಲಿಲ್ಲ.
ಈ ಬೆಟ್ಟದ ಕಾಫಿ ಕೂಡ ಏಳೇ ಬೀಜವಂತೆ,
ಬಚ್ಚಿಟ್ಟು ತಂದದ್ದಂತೆ.
ಆಗ ನೀವಿದ್ದಿದ್ದರೆ?"

ಮೇಡಂ ನಕ್ಕರು.
"ನಾನಿದ್ದಿದ್ದರೆ ನಿಮಗೆ ಕಾಫಿ ಇರುತ್ತಿರಲಿಲ್ಲ."
ಆಮೇಲೆ ಬೇಲಿಯಾಚೆ ಬೆರಳು ತೋರಿಸಿದರು:
"ಆ ಕಾಂಗ್ರೆಸ್ ಗಿಡ ಗೋಧಿ ಚೀಲದೊಳಗೆ ಕೂತು ಬಂತು ಅಂತಾರೆ.
ಅದರ ಗಂಟೂ ಯಾರೂ ಬಿಚ್ಚಿಸಲಿಲ್ಲ.
ಅರಸೀಕೆರೆಯಲ್ಲಿ ನಮ್ಮಪ್ಪ ಅದನ್ನು ಕಿತ್ತು ಕಿತ್ತು
ಮೊಣಕೈವರೆಗೆ ಕಜ್ಜಿ. ಈಗಲೂ ತುರಿಸುತ್ತದೆ."

ಯಾರೂ ಮಾತಾಡಲಿಲ್ಲ.
ಗುಲಾಬಿ ತೊಟ್ಟಿಯ ಬಿರಡೆ ಎಳೆದಳು.
ಮೂಡಿಗೆರೆ ಗುಳುಗುಳು ಅನ್ನುತ್ತ ಚರಂಡಿಗೆ ಇಳಿಯಿತು.

ಮೂವತ್ತೊಂದನೇ ಗಿಡದಲ್ಲಿ ಮೇಡಂ ಕೈ ನಿಂತಿತು.
ಬೇರಿನ ಕವಲಲ್ಲಿ ಒಂದು ಚುಕ್ಕೆ, ಕೆಂಪಗೆ.
ಪ್ರೆಸಿಲ್ಲಾಬಾಯಿ ಕೊರಳಿನ ಶಿಲುಬೆ ಹಿಡಿದುಕೊಂಡರು.
ಮಣ್ಣಲ್ಲ. ಹುಳವಲ್ಲ.
ಮೈದುನನ ಮದುವೆಗೆ ನಾನು ಹಚ್ಚಿದ್ದ
ಉಗುರುಬಣ್ಣದ ಚೂರು.

ಸೂಜಿಯಲ್ಲಿ ಅದನ್ನೆತ್ತಿ, ನನ್ನ ಕೈ ಹಿಡಿದು
ಅದೇ ಗಾಜಿನಲ್ಲಿ ಬೆರಳು ನೋಡಿದರು.
ಹತ್ತು ಉಗುರಿನಡಿಯೂ ಕರ್ರನೆ ಗೆರೆ.
"ನಿಮಗೆ ಮಾತ್ರ ಸರ್ಟಿಫಿಕೇಟ್ ಇಲ್ಲ, ಅಕ್ಕಾ."

ಸೀಲು ಬಿತ್ತು. ಒದ್ದೆ ಕಾಗದ ಸುತ್ತಿಕೊಂಡು
ನಾನೂರು ಗಿಡ ವ್ಯಾನು ಹತ್ತಿದವು.
ಎಲ್ಲಿಯವು ಅಂತ ಕಾಗದ ಹೇಳಬೇಕು,
ಬೇರು ಹೇಳಕೂಡದು.

ಸಂಜೆ ಚರಂಡಿಯ ಕೊನೆಯಲ್ಲಿ ತಂಗಿದ ಗೋಡು
ಒಂದು ಬಾಂಡಲಿ ತುಂಬಿಕೊಂಡು ಮನೆಗೆ ಹೊತ್ತೆ,
ಅತ್ತೆಯ ವೀಳ್ಯದ ಬುಡಕ್ಕೆ.
ಇಷ್ಟು ವರ್ಷ ಹಾಗೇ ಸುರಿದವಳು
ಇವತ್ತು ಬಾಂಡಲಿ ಕೆಳಗಿಟ್ಟೆ.
ಬೆರಳಲ್ಲಿ ಹರಡಿ ಹರಡಿ ನೋಡಿದೆ.
ಕತ್ತಲಾಗಿತ್ತು.
ಟಾರ್ಚು ತಾರೋ ಅಂತ ಮಗನನ್ನು ಕೂಗಿದೆ.