ಅರ್ಧ ಸುತ್ತು

ಪೆನೀಶ್ ಬಂದರು. ಬೆಳಗಿನ ಜಾವ ಮೂರೂವರೆ.
ಹರಾಜುಕಟ್ಟೆಯ ಹಿಂದೆ ಖಾಲಿ ಪೆಟ್ಟಿಗೆಗಳ ಗುಡ್ಡ,
ಗುಡ್ಡದ ನೆತ್ತಿಗೆ ಒಂದು ಕಡಲಹಕ್ಕಿ, ಯಜಮಾನನ ಹಾಗೆ.
ಗ್ರಾಸಿಯೆಟ್ ಟೇಪು ಹಿಡಿದು ಅಳೆಯುತ್ತಾಳೆ:
ಇನ್ನೂರು ಪೆಟ್ಟಿಗೆ, ಒಳಗೆ ಬರೀ ಗಾಳಿ.
ಲಾರಿ ಹೊರುವುದೂ ಅದನ್ನೇ.
ಹೋಗುವಾಗ ಬೂತಾಯಿ, ಬರುವಾಗ ಗಾಳಿ,
ಎರಡಕ್ಕೂ ಬಾಡಿಗೆ ಒಂದೇ.

ತುಂಬಿದಾಗ ಒಂದರ ಮೇಲೊಂದು ನಿಲ್ಲಬೇಕು,
ಬರಿದಾದಾಗ ಒಂದರೊಳಗೊಂದು ಇಳಿಯಬೇಕು.
ಕೇಳಲು ಎರಡೇ ಮಾತು.
ಸೇರಿನೊಳಗೆ ಪಾವು, ಪಾವಿನೊಳಗೆ ಚಟಾಕು
ಕೂತಷ್ಟು ಸಲೀಸಲ್ಲ ಇದು;
ಇಲ್ಲಿ ಹಿರಿದು ಕಿರಿದಿಲ್ಲ, ಎಲ್ಲ ಒಂದೇ ಅಚ್ಚಿನ ಕೂಸು.
ಸರೀಕನ ಹೊಟ್ಟೆಯೊಳಗೆ ಸರೀಕ ಹೋಗಬೇಕು,
ಮುನಿಸಿಲ್ಲದೆ.

ಮರೀನ್ಯ ಗ್ರಾಂದ್‌ನಲ್ಲಿ ಅಚ್ಚು ಕೊರೆಯುವ ಮುದುಕ ಬೆಲರ್ಮೀನು
(ಹೆಸರಲ್ಲೇ ಮೀನಿದ್ದರೂ ಅದರ ವಾಸನೆ ಕಂಡರಾಗದು)
ಉಕ್ಕಿನ ದಿಮ್ಮಿ ತಟ್ಟಿ ಹೇಳಿದ:
"ಗೋಡೆ ನೆಟ್ಟಗಿದ್ದರೆ ಒಳಗೆ ಹೋಗದು,
ಓರೆಯಾದರೆ ಮೇಲೆ ನಿಲ್ಲದು.
ಎಷ್ಟು ಓರೆ, ನೀನು ಹೇಳು.
ಕೊರೆದ ಮೇಲೆ ಅಯ್ಯೋ ಅನ್ನಬೇಡ."

ಐದು ಡಿಗ್ರಿ. ಮೂರು. ನಾಲ್ಕೂವರೆ.
ಮೊದಲ ಮಾದರಿಗಳು ಎಷ್ಟು ಚೆನ್ನಾಗಿ ಒಳಸೇರಿದವೆಂದರೆ
ಮತ್ತೆ ಹೊರಗೆ ಬರಲೇ ಇಲ್ಲ.
ಒಬ್ಬ ಎಳೆದ, ಇಬ್ಬರು ಜೋತುಬಿದ್ದರು,
ಕೊನೆಗೆ ಬಿಸಿನೀರು ಹೊಯ್ದು, ಒದ್ದು, ಬಿಡಿಸಿದ್ದಾಯಿತು.
ಬೆಲರ್ಮೀನು ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ:
"ನನ್ನ ಮೊದಲ ಮದುವೆಯೂ ಹೀಗೇ ಇತ್ತಮ್ಮ,
ನಡುವೆ ಗಾಳಿಯಾಡಲು ಒಂದು ಬೆರಳು ಜಾಗವಿರಲಿಲ್ಲ."
ಅವಳು ಆ ಬೆರಳನ್ನು ನಕ್ಷೆಯಲ್ಲಿ ಬರೆದುಕೊಂಡಳು:
ನಾಲ್ಕು ಮೂಲೆಗೆ ನಾಲ್ಕು ಏಣು,
ಹನ್ನೆರಡು ಮಿಲಿಮೀಟರು.

ಆಮೇಲೆ ಹೊಳೆದದ್ದು ಅರ್ಧ ಸುತ್ತು.
ಒಂದು ಬದಿಗೆ ಮೂರು ಹಲ್ಲು, ಎದುರು ಬದಿಗೆ ಎರಡು.
ಒಂದೇ ದಿಕ್ಕಿಗೆ ಮುಖವಿದ್ದರೆ ಜಾರಿ ಒಳಗಿಳಿಯುತ್ತದೆ;
ತಿರುಗಿಸಿ ಇಟ್ಟರೆ
ಹಲ್ಲು ಅಂಚಿನ ಮೇಲೆ ಕೂತು, ಭಾರ ಗೋಡೆಗಿಳಿದು
ಕೆಳಗಿನ ಮೀನಿನ ಕಣ್ಣಿಗೂ ತಾಗದೆ ನಿಲ್ಲುತ್ತದೆ.
ಅದೇ ಪೆಟ್ಟಿಗೆ. ಮುಖ ತಿರುಗಿಸಿದ್ದಷ್ಟೇ.
ಗುರುತಿಗೆ ಒಂದು ಬದಿ ನೀಲಿ, ಒಂದು ಬದಿ ಬಿಳಿ.
ಕಚೇರಿಯಲ್ಲಿ ಚಪ್ಪಾಳೆ ತಟ್ಟಿದರು.

ಬಂದರಿನಲ್ಲಿ ಯೂಫ್ರಾಸಿಯ ತಟ್ಟಲಿಲ್ಲ.
ಮೂವತ್ತೊಂದು ವರ್ಷ ಮೀನು ವಿಂಗಡಿಸಿದ ಕೈ;
ಎಡಗಡೆಯ ಕಿರುಬೆರಳು ಅರ್ಧವೇ ಉಳಿದಿದೆ,
ಏಳು ಪೆಟ್ಟಿಗೆ ಒಮ್ಮೆಗೇ ಜಾರಿದ
ಒಂದು ಚಳಿಗಾಲದ ಬಾಕಿ ಅದು.
"ನೀಲಿ ಯಾವುದು ಮಗಳೇ, ಬಿಳಿ ಯಾವುದು?
ಲೋಳೆ, ನೆತ್ತರು, ಹುರುಪೆ ಮೆತ್ತಿದ ಮೇಲೆ
ಎಲ್ಲಕ್ಕೂ ಒಂದೇ ಬಣ್ಣ.
ಈ ಹೊತ್ತಿನಲ್ಲಿ ಇಲ್ಲಿ ನೋಡುವುದು ಕೈ."
ಗ್ಲೌಸಿನ ಹೆಬ್ಬೆರಳನ್ನು ಅಂಚಿನ ಕೆಳಗೆ ಒತ್ತಿ
"ಇಲ್ಲೊಂದು ಕಚ್ಚು ಮಾಡು" ಎಂದಳು.

ಆದರೆ ಅಚ್ಚು ಕೊರೆದಾಗಿತ್ತು.
ಸಾಲದ ಕಂತು ಶುರುವಾಗಿತ್ತು.
ಬೆಲರ್ಮೀನು ತಲೆಯಾಡಿಸಿದ:
"ಉಕ್ಕಿಗೆ ಕಳೆಯುವ ಲೆಕ್ಕ ಗೊತ್ತು, ಕೂಡುವುದು ಬಾರದು.
ನಾನು ಇಲ್ಲಿ ಕೆರೆದರೆ ಅಲ್ಲಿ ಏಳುತ್ತದೆ.
ಪೆಟ್ಟಿಗೆಗೆ ತಗ್ಗು ಕೊಡಲಾರೆ,
ಉಬ್ಬು ಬೇಕಾದರೆ ಕೊಟ್ಟೇನು."
ಬಿಳಿ ಬದಿಗೆ, ಅಂಚಿನ ಕೆಳಗೆ,
ಅವರೆಕಾಳಿನಷ್ಟು.

ಮೊದಲ ಕಂತಿನ ಪೆಟ್ಟಿಗೆಗಳು ಬಂದ ರಾತ್ರಿ
ಗ್ರಾಸಿಯೆಟ್ ಕಣ್ಣು ಮುಚ್ಚಿ, ಗ್ಲೌಸು ತೊಟ್ಟು
ತಾನೇ ಮಾಡಿದ್ದನ್ನು ಕುರುಡಿಯಂತೆ ತಡವಿ ಕಲಿತಳು.
ಯೂಫ್ರಾಸಿಯ ಭೇಷ್ ಅನ್ನಲಿಲ್ಲ.
ಹೆಬ್ಬೆರಳು ಹುಡುಕಿತು, ಸಿಕ್ಕಿತು;
ತಿರುಗಿಸಿದಳು, ಇಟ್ಟಳು.
ಮುಂದಿನದು.
ಕಚ್ಚು ಕೇಳಿದ್ದೆ ಎಂಬುದೇ ಮರೆತಂತಿತ್ತು.

ಬೆಳಗಾಗುವ ಹೊತ್ತಿಗೆ
ಹರಾಜುಕಟ್ಟೆಯ ಹಿಂದಿನ ಗುಡ್ಡ ಮೊಳಕಾಲಿಗಿಳಿದಿತ್ತು.
ಹಕ್ಕಿ ಬಂತು, ಕೂತಿತು,
ಅತ್ತ ಇತ್ತ ನೋಡಿ
ಎತ್ತರ ಸಾಲದೆ
ಲಾರಿಯ ಟಾಪಿಗೆ ಹಾರಿತು.