ಮೌಲ್ಯಮಾಪನ ಪತ್ರ, ಹನ್ನೆರಡನೆಯ ವಾರ

ಗ್ರೀನಕ್ ಬಸ್ ಡಿಪೋ, ಕಳೆದುಹೋದ ವಸ್ತುಗಳ ಕಚೇರಿ.
ನಾನು ಸೆಂಗಾ ಹಾಲ್ಡೇನ್,
ಈ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ.
ನಿಮ್ಮ ಫಾರ್ಮು ತಲುಪಿತು.
ಒಂದರಿಂದ ಐದರೊಳಗೆ ಹುಡುಗಿಯನ್ನು ಅಳೆಯಬೇಕಂತೆ.

ಸಮಯಪಾಲನೆ: ನಾಲ್ಕು.
ಮೊದಲ ಸೋಮವಾರ ಒಂದು ಗಂಟೆ ತಡ.
ಕೆಟ್ಟು ನಿಂತದ್ದು ನಮ್ಮದೇ ಬಸ್ಸು.

ಮಿರ್ರೆನ್ ಓದಿದ್ದು ತತ್ವಶಾಸ್ತ್ರ.
ಬಂದ ದಿನ ಕಪಾಟುಗಳೆದುರು ನಿಂತು ನೋಡಿದಳು:
ಒಂಟಿ ಕೈಗವಸು ಇನ್ನೂರ ಹದಿನಾಲ್ಕು,
ಹಲ್ಲಿನ ಸೆಟ್ಟು ಆರು,
ಊರುಗೋಲು ಮೂರು, ಅದಿಲ್ಲದೆಯೇ
ಇಳಿದು ನಡೆದುಹೋದವರು ಯಾರೋ,
ಒಂದು ಟ್ರೊಂಬೋನು.
‘ಇವೆಲ್ಲ ಕಳೆದದ್ದೋ, ಬಿಟ್ಟದ್ದೋ?’ ಅಂದಳು.
ನಾನು ಚಹಾಕ್ಕೆ ನೀರಿಟ್ಟೆ.

ಗುರುವಾರ ನಿಮ್ಮಲ್ಲಿ ಅವಳಿಗೆ ಪಾಠ, ವೃತ್ತಿಯೋಜನೆ.
ಶುಕ್ರವಾರ ನನಗೆ ವರದಿ.
ಒಂದು ವಾರ ಬಲಗಳ ಪಟ್ಟಿ,
ಒಂದು ವಾರ ಕುಂದುಗಳದು,
ಇನ್ನೊಂದು ವಾರ ಬದುಕನ್ನು ನದಿಯಾಗಿ ಬರೆಯಿರಿ ಅಂದಿರಂತೆ.
‘ಐದು ವರ್ಷದ ನಂತರ ನಾನು’
ಅನ್ನುವ ಚೌಕ ಮಾತ್ರ ಖಾಲಿ.
ನದಿ ಬೇಕಾದರೆ ಕಿಟಕಿಯಾಚೆ ನೋಡು ತಾಯೀ, ಅಂದೆ,
ಅಲ್ಲೇ ಹರಿಯುತ್ತಿದೆ ಕ್ಲೈಡ್.
ಹಡಗು ಕಟ್ಟುತ್ತಿದ್ದ ನನ್ನಪ್ಪ
ಇಪ್ಪತ್ತು ವರ್ಷದ ಲೆಕ್ಕ ಹಾಕಿಟ್ಟಿದ್ದ.
ಗೇಟಿಗೆ ಬೀಗ ಜಡಿದವರು
ಅವನ ಲೆಕ್ಕ ಕೇಳಲಿಲ್ಲ.
ಹೇಳಬಾರದಿತ್ತು. ಆ ದಿನ
ಅವಳು ಊಟದ ಡಬ್ಬಿ ತೆರೆಯಲಿಲ್ಲ.

ತಂಡದಲ್ಲಿ ಕೆಲಸ:
ತಂಡವೆಂದರೆ ಅವಳು, ನಾನು, ಹೀಟರು.
ಸಹಕರಿಸದಿರುವುದು ಹೀಟರು.

ಸಂವಹನ:
ಪ್ರತಿ ಮಂಗಳವಾರ ಮಿಸ್ಟರ್ ಡೊಹರ್ಟಿ ಬರುತ್ತಾನೆ,
ತೀರಿಕೊಂಡ ಹೆಂಡತಿಯ ಕೊಡೆ ಕೇಳಿಕೊಂಡು.
ನೀಲಿ ಬಟ್ಟೆ, ಹಿಡಿಕೆಗೆ ಬಾತುಕೋಳಿ ತಲೆ.
‘ಬಂದಿಲ್ಲ’ ಅನ್ನುತ್ತೇನೆ ನಾನು, ಎರಡು ವರ್ಷದಿಂದ,
ತಲೆಯೆತ್ತದೆ.
ಅವಳು ಕುರ್ಚಿ ಎಳೆದು ಕೂರಿಸಿದಳು.
‘ಅವತ್ತು ಎಲ್ಲಿಗೆ ಹೊರಟಿದ್ದಿರಿ?’
ನಲವತ್ತು ನಿಮಿಷ ಮಾತಾಡಿದ.
ಸಾಲು ಬಾಗಿಲಾಚೆಗೂ ಬೆಳೆಯಿತು, ಯಾರೋ ಗೊಣಗಿದರು.
ಆಮೇಲಿನ ಮಂಗಳವಾರ ಅವನು ಬರಲಿಲ್ಲ.
ಅದರ ಮರುವಾರವೂ.
ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ
ನಮಗೆ ತಿಳಿಯದು. ಈ ಅಂಕಣ ಬಿಟ್ಟಿದ್ದೇನೆ.

ಸ್ವಂತ ಮುತುವರ್ಜಿ: ಐದು.
ಸಿಕ್ಕಿದ್ದನ್ನಷ್ಟೇ ಬರೆಯುತ್ತಿದ್ದ ಲೆಡ್ಜರಿನಲ್ಲಿ
ಹುಡುಕಿ ಬಂದವರಿಗೂ ಒಂದು ಗೆರೆ ಎಳೆದಳು.
ಅನುಮತಿ ಕೊಟ್ಟವರಾರು, ಮ್ಯಾನೇಜರು ಕೇಳಿದ.
ನಾನೇ ಅಂದೆ. ಕೊಟ್ಟಿರಲಿಲ್ಲ.

ಮೊನ್ನೆ ರಾತ್ರಿಯ ಡ್ರೈವರು
ಹಿಂದಿನ ಸೀಟಿನಿಂದ ತಂದಿಟ್ಟದ್ದು ನಿಮ್ಮ ಪಾಠದ ಪುಸ್ತಕ,
ಹಸಿರು ರಟ್ಟು, ಕ್ರಮಸಂಖ್ಯೆ ಎಂಟು ಸಾವಿರದ ಹದಿನಾರು.
ಯಾರದ್ದೆಂದು ತಿಳಿಯಲು ಮಾತ್ರ ತೆರೆಯಬಹುದು, ನಿಯಮ.
ಯಾರದ್ದೆಂದು ಗೊತ್ತಿತ್ತು. ತೆರೆದೆ.
ಆ ಚೌಕದಲ್ಲಿ ಬರೆದು ಅಳಿಸಿ ಬರೆದು ಅಳಿಸಿ
ಕಾಗದ ಸವೆದು ತೂತಾಗಿತ್ತು.
ಅದರೊಳಗಿಂದ ಇಣುಕುತ್ತಿತ್ತು
ಮುಂದಿನ ಹಾಳೆಯ ಕುಂದುಗಳ ಪಟ್ಟಿಯ ಒಂದು ಪದ:
ನಿಧಾನ.

ಬೆಳಿಗ್ಗೆ ಅವಳನ್ನು ಕೌಂಟರಿನಾಚೆ ನಿಲ್ಲಿಸಿ
ಎಲ್ಲರಿಗೂ ಕೇಳುವಂತೆ ಕೇಳಿದೆ.
ಬಣ್ಣ? ‘ಹಸಿರು.’
ಒಳಗೇನಿತ್ತು? ‘ಏನೂ ಇಲ್ಲ.’
ತಪ್ಪು ಉತ್ತರಕ್ಕೆ ವಸ್ತು ಕೊಡಬಾರದು.
ಸಹಿ ಹಾಕಿಸಿಕೊಂಡು ಕೊಟ್ಟೆ.

ಕೊನೆಯ ಪ್ರಶ್ನೆ:
ಇವರಿಗೆ ಕೊಡಲು ನಿಮ್ಮಲ್ಲಿ ಹುದ್ದೆ ಖಾಲಿ ಇದೆಯೇ?
ಇಲ್ಲ. ಮಾರ್ಚಿಗೆ ಈ ಕಚೇರಿಯೇ ಇರುವುದಿಲ್ಲ.
ಇನ್ನು ಕಳೆದುಕೊಂಡವರು ಫೋನಿನಲ್ಲಿ ಒತ್ತಬೇಕಂತೆ,
ಕೊಡೆಗೆ ಒಂದು, ಕೈಚೀಲಕ್ಕೆ ಎರಡು.
ಟ್ರೊಂಬೋನಿಗೆ ಅಂಕಿ ಇಟ್ಟಿಲ್ಲ.

ಒಂದು ಮಾತು, ಇಲ್ಲಿ ಜಾಗ ಸಾಲದೆ
ಹಾಳೆಯ ಬೆನ್ನಿಗೆ ಬರೆದಿದ್ದೇನೆ:
ನಿಮ್ಮ ಗುರುವಾರದ ಪಾಠಕ್ಕೆ
ವಯಸ್ಸಿನ ಮಿತಿ ಏನಾದರೂ ಇದೆಯೇ?
ನನಗೀಗ ಐವತ್ತೆಂಟು.
ಪೆನ್ಸಿಲ್ ನಾನೇ ತರುತ್ತೇನೆ,
ಇಲ್ಲಿ ಬೇಕಾದಷ್ಟು ಬಿದ್ದಿವೆ.